ಆರ್‌ವಿ-9ಎ: 9 ಗಂಟೆ ಹಾರಿಸಿ ಆಯ್ತು. 3ನೇ ಸಿಲಿಂಡರ್ ಬಿಸಿ, ವೇಗ ಕಮ್ಮಿ. ಮೊದಲು ಯಾವುದಕ್ಕೆ ಕೈ ಹಾಕಲಿ?

ಬಾನಾಡಿ_ಟೆಕ್ಸಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಮಾನ ವ್ಯಾನ್ಸ್ ಕಂಪನಿಯ ಕಿಟ್‌ನಿಂದ (ಬಿಡಿಭಾಗ ಜೋಡಿಸಿ) ಕಟ್ಟಿದ ಆರ್‌ವಿ-9ಎ. ಎಂಜಿನ್ 160 ಎಚ್‌ಪಿ ಲೈಕಮಿಂಗ್ ಓ-320, ಕಾರ್ಬುರೇಟರ್, ಎರಡು ಮ್ಯಾಗ್ನೆಟೊ (ಸಿಲಿಂಡರ್‌ಗೆ ಕಿಡಿ ಕೊಡೋ ಸಾಧನ), ಫಿಕ್ಸೆಡ್ ಪಿಚ್ (ಅಲಗಿನ ಕೋನ ಬದಲಾಗದ) ಪ್ರೊಪೆಲರ್. ಎಂಜಿನ್-ಪ್ರೊಪೆಲರ್ ಎರಡೂ ಸರ್ಟಿಫೈಡ್ ಜೋಡಿ ಆದ್ದರಿಂದ ಮೊದಲ ಹಂತದ ಪರೀಕ್ಷಾ ಹಾರಾಟ 25 ಗಂಟೆ. ಅದರಲ್ಲಿ 9 ಮುಗಿದಿದೆ. ವೀಲ್ ಪ್ಯಾಂಟ್ (ಚಕ್ರದ ಹೊದಿಕೆ), ಗೇರ್ ಲೆಗ್ ಫೇರಿಂಗ್ (ಚಕ್ರದ ಕಾಲಿಗೆ ಗಾಳಿಯ ತಡೆ ತಗ್ಗಿಸೋ ಹೊದಿಕೆ) ಇನ್ನೂ ಹಾಕಿಲ್ಲ.

ಈವರೆಗೆ ಕಂಡದ್ದು:

ಏರುವಾಗ 3ನೇ ಸಿಲಿಂಡರ್ ಹೆಡ್ 430 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತೆ. ಉಳಿದ ಮೂರೂ 385-395. ಹೊರಗಿನ ತಾಪ 33 ಸೆಲ್ಸಿಯಸ್. ಏರುವ ವೇಗ ಗಂಟೆಗೆ 100 ಮೈಲಿ.

8,000 ಅಡಿಯಲ್ಲಿ ಫುಲ್ ಥ್ರಾಟಲ್ ಕೊಟ್ಟರೆ 2600 ಆರ್‌ಪಿಎಂ, ಸ್ಕ್ರೀನ್ ಮೇಲೆ ನಿಜವೇಗ (ಗಾಳಿಯಲ್ಲಿ ನಿಜವಾಗಿ ಹೋಗ್ತಿರೋ ವೇಗ) 174 ಮೈಲಿ.

ಎಡ ರೆಕ್ಕೆ ಭಾರ. ಬಾಲ್ (ವಿಮಾನ ಅಡ್ಡಡ್ಡ ಹೋಗ್ತಿದೆಯೇ ಅಂತ ತೋರಿಸೋ ಗುಂಡು) ಅರ್ಧದಷ್ಟು ಬಲಕ್ಕೆ ನಿಲ್ಲುತ್ತೆ.

ಮನಸ್ಸಿನಲ್ಲಿರೋದು ಮೂರು: ಫೇರಿಂಗ್ ಹಾಕೋದು, ಒಂದು ಮ್ಯಾಗ್ನೆಟೊ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸೋದು, ಮುಂದೆಂದಾದರೂ 180 ಎಚ್‌ಪಿ ಓ-360ಗೆ ಹೋಗೋದು. ಯಾವ ಕ್ರಮದಲ್ಲಿ ಮಾಡಿದರೆ ಸರಿ?

ಬ್ಯಾಫಲ್_ಭಟ್ಟರು:

ಮೊದಲು ಬಿಸಿ. ಬೇರೆಲ್ಲ ಆಮೇಲೆ.

ಲೈಕಮಿಂಗ್ ಕೊಟ್ಟಿರೋ ಗರಿಷ್ಠ ಮಿತಿ 500. ಆದರೆ ಸಿಲಿಂಡರ್ ಬಾಳಿಕೆ ಬರಬೇಕಾದರೆ ನಿರಂತರ ಹಾರಾಟದಲ್ಲಿ 400 ಆಸುಪಾಸು ಇರಬೇಕು, 435 ದಾಟಲೇಬಾರದು. ನಿಮ್ಮದು ಅಂಚಿನಲ್ಲಿದೆ. ಹೊಸ ಎಂಜಿನ್ ಆದ್ದರಿಂದ ರಿಂಗ್‌ಗಳು ಇನ್ನೂ ಗೋಡೆಗೆ ಹೊಂದಿಕೊಳ್ಳುತ್ತಿವೆ, ಆ ಉಜ್ಜಾಟದ ಶಾಖವೂ ಇದರಲ್ಲಿದೆ. ಮಿನರಲ್ ಆಯಿಲ್‌ನಲ್ಲೇ ಮುಂದುವರಿಸಿ, 65ರಿಂದ 75 ಶೇಕಡ ಪವರ್‌ನಲ್ಲಿ ಹಾರಿಸಿ. ಬಿಸಿ ಆಗುತ್ತೆ ಅಂತ ಹೆದರಿ ಪವರ್ ಇಳಿಸಿ ರನ್‌ವೇ ಸುತ್ತ ಸುತ್ತಬೇಡಿ. ರಿಂಗ್‌ಗೆ ಒತ್ತಡ ಸಿಗದಿದ್ದರೆ ಸಿಲಿಂಡರ್ ಗೋಡೆ ಗಾಜಿನ ಹಾಗೆ ನುಣುಪಾಗಿಬಿಡುತ್ತೆ, ಆಮೇಲೆ ಎಂಜಿನ್ ಕೊನೆತನಕ ಆಯಿಲ್ ಕುಡೀತಾನೇ ಇರುತ್ತೆ. ಅದರ ಬದಲು 120 ಮೈಲಿಯಲ್ಲಿ ಏರಿ. ಏರುವ ದರ ಸ್ವಲ್ಪ ಕಮ್ಮಿಯಾದರೂ ಕೌಲಿಂಗ್ (ಎಂಜಿನ್ ಮುಚ್ಚಳ) ಒಳಗೆ ಗಾಳಿ ಚೆನ್ನಾಗಿ ನುಗ್ಗುತ್ತೆ.

ಆದರೆ ನಾಲ್ಕರಲ್ಲಿ ಒಂದೇ ಸಿಲಿಂಡರ್ 35-45 ಡಿಗ್ರಿ ಮೇಲಿದ್ದರೆ ಅದು ಬರೀ ಬ್ರೇಕ್-ಇನ್ (ಹೊಸ ಎಂಜಿನ್ ಪಳಗೋದು) ಅಲ್ಲ. ಹೀಗೆ ಹುಡುಕಿ:

1ನೇ ಮತ್ತು 3ನೇ ಸಿಲಿಂಡರ್‌ಗಳ ಪ್ರೋಬ್ (ತಾಪ ಅಳೆಯೋ ಕಡ್ಡಿ) ಅದಲು ಬದಲು ಮಾಡಿ ಒಂದು ಸಲ ಹಾರಿಸಿ. ಬಿಸಿ ಪ್ರೋಬ್ ಜೊತೆ 1ಕ್ಕೆ ಹೋದರೆ ತಪ್ಪು ಪ್ರೋಬ್‌ನದು. ಅರ್ಧ ಗಂಟೆ ಕೆಲಸ, ಇದನ್ನು ಮಾಡದೆ ಬ್ಯಾಫಲ್ (ಸಿಲಿಂಡರ್ ಸುತ್ತ ಗಾಳಿಗೆ ದಾರಿ ಮಾಡೋ ತಗಡು) ಬಿಚ್ಚಬೇಡಿ.

ಬಿಸಿ 3ರಲ್ಲೇ ಉಳಿದರೆ ಹಿಂದಿನ ಬ್ಯಾಫಲ್ ನೋಡಿ. ಓ-320ರಲ್ಲಿ 3ನೆಯದು ಬಲ ಹಿಂಬದಿಯದು. ಅದರ ಹೆಡ್‌ನ ಹಿಂದಿನ ಮುಖದಲ್ಲಿ ಫಿನ್‌ಗಳಿಗೆ (ಶಾಖ ಬಿಡೋ ತೆಳು ಪಟ್ಟಿಗಳಿಗೆ) ಆಳವೇ ಇಲ್ಲ. ಬ್ಯಾಫಲ್ ತಗಡು ಅದಕ್ಕೆ ಅಂಟಿಕೊಂಡು ಕೂತರೆ ಗಾಳಿ ಕೆಳಗಿಳಿಯೋಕೆ ದಾರಿಯೇ ಇರಲ್ಲ. ಸ್ಕ್ರೂ ಬಿಚ್ಚಿ, ತಗಡಿಗೂ ಹೆಡ್‌ಗೂ ನಡುವೆ ವಾಷರ್ ಇಟ್ಟು ಸುಮಾರು 3 ಮಿಮೀ ಸಂದು ಬಿಡಿ, ಅಂಚುಗಳನ್ನು ಹೈ-ಟೆಂಪ್ ಸಿಲಿಕೋನ್‌ನಿಂದ ಮುಚ್ಚಿ. ಎಡ ಮುಂಬದಿಯ 2ನೆಯದರ ಮುಂದಿನ ಮುಖದಲ್ಲೂ ಇದೇ ತೊಂದರೆ ಇರುತ್ತೆ.

ಆಮೇಲೆ ಸೋರಿಕೆ. ಕತ್ತಲಾದ ಮೇಲೆ ಮೇಲಿನ ಕೌಲಿಂಗ್ ತೆಗೆದು, ಸಿಲಿಂಡರ್‌ಗಳ ಕೆಳಗೆ ಬಲ್ಬ್ ಇಟ್ಟು ಮೇಲಿನಿಂದ ನೋಡಿ. ಫಿನ್‌ಗಳ ಸಂದು ಬಿಟ್ಟು ಬೇರೆಲ್ಲಿ ಬೆಳಕು ಕಂಡರೂ ಅಲ್ಲಿ ಗಾಳಿ ಪೋಲಾಗ್ತಿದೆ. ಕೌಲಿಂಗ್‌ನ ಒಳಮೈಯನ್ನೂ ನೋಡಿ: ರಬ್ಬರ್ ಸೀಲ್ ಉಜ್ಜಿದ ಕಪ್ಪು ಗೆರೆ ಒಂದೇ ಸಮ ಇರಬೇಕು. ಗೆರೆ ತುಂಡಾದ ಕಡೆ ಸೀಲ್ ಕೌಲಿಂಗ್‌ಗೆ ತಾಗುತ್ತಿಲ್ಲ ಅಂತ ಅರ್ಥ. ಸೀಲ್ ಎಂಜಿನ್ ಕಡೆಗೇ ಬಾಗಿರಬೇಕು, ಆಗ ಒಳಗಿನ ಒತ್ತಡವೇ ಅದನ್ನು ಮೇಲಕ್ಕೆ ಒತ್ತಿ ಹಿಡಿಯುತ್ತೆ. ಹೊರಗೆ ಮಡಚಿಕೊಂಡಿದ್ದರೆ ಒತ್ತಡ ಬಂದಾಗ ಬಾಯಿ ಬಿಡುತ್ತೆ.

ಕೊನೆಗೆ ಟೈಮಿಂಗ್, ಅಂದರೆ ಪಿಸ್ಟನ್ ತುದಿ ಮುಟ್ಟೋಕೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರುತ್ತೆ ಅನ್ನೋದು. ಎಂಜಿನ್ ಡೇಟಾ ಪ್ಲೇಟ್ ಮೇಲೆ 25 ಡಿಗ್ರಿ ಅಂತಿದ್ದರೆ 25ಕ್ಕೇ ಇರಬೇಕು. ಎರಡು ಮೂರು ಡಿಗ್ರಿ ಮುಂದೆ ಹೋಗಿದ್ದರೂ ಹೆಡ್ ತಾಪ ಏರುತ್ತೆ, ಆದರೆ ಆಗ ನಾಲ್ಕೂ ಏರುತ್ತವೆ.

ನೂಲುಗುಂಡು:

ಭಟ್ಟರು ಹೇಳಿದ್ದು ಸರಿ. ವೇಗದ ವಿಷಯ ನಾನು ಹೇಳ್ತೀನಿ.

174 ಅನ್ನೋದು ನಿಜವೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಸ್ಟ್ಯಾಟಿಕ್ ಪೋರ್ಟ್ (ಹೊರಗಿನ ಗಾಳಿಯ ಒತ್ತಡ ತಗೊಳ್ಳೋ ರಂಧ್ರ) ಯಾವುದು ಹಾಕಿದ್ದೀರಿ? ಕಿಟ್‌ನಲ್ಲಿ ಬರೋ ಗುಂಡುತಲೆಯ ಪಾಪ್ ರಿವೆಟ್ ನೋಡೋಕೆ ಚೆನ್ನಾಗಿಲ್ಲ ಅಂತ ಕೆಲವರು ಮೈಗೆ ಸಮನಾಗಿ ಕೂರೋ ಪೋರ್ಟ್ ಹಾಕ್ತಾರೆ. ಆ ಉಬ್ಬು ಅಲ್ಲಿ ಇರೋದೇ ಒತ್ತಡ ಸರಿಯಾಗಿ ಓದಲಿ ಅಂತ. ಅದನ್ನು ತೆಗೆದರೆ ವೇಗ, ಎತ್ತರ ಎರಡೂ ತಪ್ಪು ತೋರಿಸುತ್ತವೆ.

ಪರೀಕ್ಷೆ ಸುಲಭ. ಬೆಳಗಿನ ಹೊತ್ತು ಗಾಳಿ ಅಲುಗಾಡದಿದ್ದಾಗ, ಒಂದೇ ಎತ್ತರದಲ್ಲಿ, ಒಂದೇ ಪವರ್‌ನಲ್ಲಿ, 120 ಡಿಗ್ರಿ ಅಂತರದ ಮೂರು ಹೆಡಿಂಗ್ ಹಿಡಿಯಿರಿ. ಟ್ರ್ಯಾಕ್ (ನೆಲದ ಮೇಲೆ ಸಾಗೋ ದಾರಿ) ಅಲ್ಲ, ಹೆಡಿಂಗ್ (ಮೂತಿ ಇರೋ ದಿಕ್ಕು). ಪ್ರತಿ ಸಲ ವೇಗ ನೆಲೆಗೊಳ್ಳೋಕೆ ಎರಡು ನಿಮಿಷ ಬಿಟ್ಟು ಜಿಪಿಎಸ್ ವೇಗ ಬರೆದುಕೊಳ್ಳಿ. ಮೂರರ ಸರಾಸರಿಯೇ ನಿಮ್ಮ ನಿಜವೇಗ. ಗಾಳಿ 20 ಮೈಲಿ ಒಳಗಿದ್ದರೆ ಲೆಕ್ಕದ ತಪ್ಪು ಒಂದು ಮೈಲಿಯೂ ಆಗಲ್ಲ.

ಇನ್ನು ಫೇರಿಂಗ್. ಆರ್‌ವಿಯಲ್ಲಿ ಇದಕ್ಕಿಂತ ಲಾಭದ ಬದಲಾವಣೆ ಇನ್ನೊಂದಿಲ್ಲ. ವೀಲ್ ಪ್ಯಾಂಟ್, ಲೆಗ್ ಫೇರಿಂಗ್, ಸಂದು ಮುಚ್ಚೋ ಇಂಟರ್‌ಸೆಕ್ಷನ್ ಫೇರಿಂಗ್ ಮೂರೂ ಸೇರಿ 10 ಮೈಲಿಗಿಂತ ಹೆಚ್ಚು ಕೊಡುತ್ತವೆ. ಆದರೆ ಲೆಗ್ ಫೇರಿಂಗ್ ಒಂದು ಡಿಗ್ರಿ ಸೊಟ್ಟ ಕೂತರೂ ಅದು ರಡರ್ (ಬಾಲದ ಚುಕ್ಕಾಣಿ) ಥರ ಕೆಲಸ ಮಾಡುತ್ತೆ. ವಿಮಾನವನ್ನು ಜಾಕ್ ಮೇಲೆತ್ತಿ, ಚಕ್ರದ ಭಾರ ತೆಗೆದು, ಹಾರುವಾಗಿನ ಮಟ್ಟಕ್ಕೆ ತಂದು ನಿಲ್ಲಿಸಿ. ನೆಲದ ಮೇಲೆ ನೂಲುಗುಂಡಿನಿಂದ ವಿಮಾನದ ನಡುಗೆರೆ ಎಳೆದು, ಅದಕ್ಕೆ ಸಮಾಂತರವಾಗಿ ಫೇರಿಂಗ್‌ನ ಹಿಂದಂಚು ಹೊಂದಿಸಿ. ಭಾರ ಚಕ್ರದ ಮೇಲಿದ್ದಾಗ ಅಳೆದರೆ ಕಾಲು ಅಗಲಿಸಿಕೊಂಡಿರುತ್ತೆ, ಆ ಅಳತೆ ಹಾರುವಾಗ ಉಪಯೋಗಕ್ಕೆ ಬರಲ್ಲ.

ಆದ್ದರಿಂದ ಬಾಲ್, ಭಾರದ ರೆಕ್ಕೆ ಎರಡನ್ನೂ ಫೇರಿಂಗ್ ಹಾಕೋ ತನಕ ಮುಟ್ಟಬೇಡಿ. ಕ್ಲೈಂಬ್ ಪರೀಕ್ಷೆಗಳನ್ನೂ ಆಮೇಲೆ ಇಟ್ಟುಕೊಳ್ಳಿ. 80, 90, 100, 110 ಮೈಲಿಯಲ್ಲಿ ಒಂದೇ ಸಾವಿರ ಅಡಿಯ ಪಟ್ಟಿಯನ್ನು ಗಾಳಿಗೆ ಅಡ್ಡವಾಗಿ ಏರಿ, ಸ್ಟಾಪ್‌ವಾಚ್ ಹಿಡಿಯಿರಿ. ಮೊದಲ ಹಂತ ಮುಗಿದಾಗ ಲಾಗ್‌ಬುಕ್‌ನಲ್ಲಿ ಬರೆಯೋ ಅಂಕಿಗಳು ಮುಂದೆ ಹಾರೋ ರೂಪದ ವಿಮಾನದ್ದಾಗಿರಬೇಕು. ಫೇರಿಂಗ್ ತೂಕ ಸೇರಿಸಿ ವೇಟ್ ಅಂಡ್ ಬ್ಯಾಲೆನ್ಸ್ (ತೂಕ, ಭಾರಕೇಂದ್ರದ ಲೆಕ್ಕ) ಮತ್ತೆ ಮಾಡೋದು ಮರೀಬೇಡಿ.

ಕೆಂಪುಗೆರೆ:

ಇಗ್ನಿಷನ್ ಮತ್ತು 180 ಎಚ್‌ಪಿ ಬಗ್ಗೆ.

ಎಲೆಕ್ಟ್ರಾನಿಕ್ ಇಗ್ನಿಷನ್ ಎತ್ತರದಲ್ಲಿ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ ಒಳಗೆ ಹೋಗೋ ಗಾಳಿಯ ಒತ್ತಡ) ಕಮ್ಮಿಯಾದಾಗ ಟೈಮಿಂಗ್ ಮುಂದಕ್ಕೆ ತಳ್ಳುತ್ತೆ. ಇಂಧನ ಉಳಿಯುತ್ತೆ ನಿಜ, ಹೆಡ್ ತಾಪವೂ ಏರುತ್ತೆ. ಈಗಿರೋ 430ರ ಮೇಲೆ ಅದನ್ನು ಹೇರೋದು ಬೇಡ. ಇನ್ನೊಂದು, ಪರೀಕ್ಷಾ ಹಂತದ ಮಧ್ಯೆ ಎಂಜಿನ್ ಅದರ ಸರ್ಟಿಫೈಡ್ ರೂಪ ಬಿಟ್ಟರೆ 25 ಗಂಟೆಯ ರಿಯಾಯಿತಿಯೇ ಪ್ರಶ್ನೆಗೆ ಬರುತ್ತೆ, 40ಕ್ಕೆ ಹೋಗಬೇಕಾದೀತು.

180 ಎಚ್‌ಪಿ ಮಾತ್ರ ಬೇಡ ಅಂತ ನೇರವಾಗೇ ಹೇಳ್ತೀನಿ. ಆರ್‌ವಿ-9ಎ 160 ಎಚ್‌ಪಿವರೆಗೆ ವಿನ್ಯಾಸವಾದದ್ದು. 180-200 ಬೇಕಾದವರಿಗೆ ಆರ್‌ವಿ-7 ಇದೆ, ಅದರ ರೆಕ್ಕೆಯೇ ಬೇರೆ. ವೇಗ ಏರೋದು ಪವರ್‌ನ ಘನಮೂಲದಂತೆ. 160ರಿಂದ 180 ಅಂದರೆ ಶೇಕಡ 12.5 ಹೆಚ್ಚು ಪವರ್, ವೇಗ ಬರೀ ಶೇಕಡ 4 ಹೆಚ್ಚು. 174ರ ಮೇಲೆ 7 ಮೈಲಿ. ಫೇರಿಂಗ್ ಅದಕ್ಕಿಂತ ಹೆಚ್ಚು ಕೊಡುತ್ತೆ, ಅದೂ ಪೆಟ್ರೋಲ್ ಕೇಳದೆ.

ಅಪಾಯ ಇರೋದು ಎತ್ತರದಿಂದ ಕೆಳಗೆ ಬರುವಾಗ. 9ಎ ಮೀರಬಾರದ ವೇಗ 210 ಮೈಲಿ. ಅದು ಫ್ಲಟರ್ (ವೇಗ ಹೆಚ್ಚಾದಾಗ ರೆಕ್ಕೆ, ಬಾಲ ಅಪಾಯಕರವಾಗಿ ಅದುರೋದು) ಲೆಕ್ಕದ್ದು, ಹಾಗಾಗಿ ನಿಜವೇಗದಲ್ಲಿ ಓದಬೇಕು, ಡಯಲ್ ತೋರಿಸೋ ಸೂಚಿತ ವೇಗದಲ್ಲಲ್ಲ. 12,000 ಅಡಿಯಲ್ಲಿ ಸೂಚಿತ ವೇಗ 175 ಇದ್ದಾಗಲೇ ನಿಜವೇಗ 210. ಡಯಲ್‌ನ ಕೆಂಪುಗೆರೆಗೆ ಇನ್ನೂ 35 ಮೈಲಿ ಬಾಕಿ ಇದ್ದಂತೆ ಕಾಣುತ್ತೆ, ನೀವು ಆಗಲೇ ಅಂಚಿನಲ್ಲಿರ್ತೀರಿ. ಹೆಚ್ಚು ಪವರ್ ಇದ್ದರೆ ಅಲ್ಲಿಗೆ ಇನ್ನೂ ಬೇಗ ತಲುಪ್ತೀರಿ. 160ರಲ್ಲೂ ಇದೇ ಲೆಕ್ಕ ಅನ್ವಯಿಸುತ್ತೆ, ಎತ್ತರವಾರು ಪಟ್ಟಿ ಮಾಡಿ ಪ್ಯಾನೆಲ್‌ಗೆ ಅಂಟಿಸಿ.

ಪ್ರೊಪೆಲರ್ ಪಿಚ್ ಈಗಲೇ ಬದಲಿಸಬೇಡಿ. ಫೇರಿಂಗ್ ಹಾಕಿದ ಮೇಲೆ 2600 ಇನ್ನೂ ಏರುತ್ತೆ. ಎಂಜಿನ್ ಮಿತಿ 2700. ಆ ಪ್ರೊಪೆಲರ್‌ಗೇ ಬೇರೆ ಕಡಿಮೆ ಮಿತಿ ಇದೆಯೇ ಅಂತಲೂ ನೋಡಿ.

ಬಾನಾಡಿ_ಟೆಕ್ಸಸ್:

ತುಂಬಾ ಧನ್ಯವಾದ ಸರ್. 180 ಯೋಚನೆ ಬಿಟ್ಟೆ. ಸ್ಟ್ಯಾಟಿಕ್ ಪೋರ್ಟ್ ಕಿಟ್‌ನ ರಿವೆಟ್ಟೇ. ಪ್ರೋಬ್ ಬದಲಿಸಿದರೂ ಬಿಸಿ 3ರಲ್ಲೇ ಉಳೀತು. ಹಿಂದಿನ ತಗಡು ಹೆಡ್‌ಗೆ ಪೂರ್ತಿ ಅಂಟಿದೆ, ಒಂದು ಕಾಗದವೂ ನುಸುಳಲ್ಲ. ವಾಷರ್ ಇಡ್ತೀನಿ. ಫೇರಿಂಗ್ ಆದ ಮೇಲೆ ಬಾಲ್ ಮೊದಲೋ ರೆಕ್ಕೆ ಮೊದಲೋ?

ನೂಲುಗುಂಡು:

ಬಾಲ್ ಮೊದಲು. ವಿಮಾನ ಅಡ್ಡಡ್ಡ ಹೋಗ್ತಿದ್ದರೆ ಅದರಿಂದಲೇ ಒಂದು ರೆಕ್ಕೆ ಭಾರ ಅನ್ನಿಸಬಹುದು.

ಬಾಲ್ ಬಲಕ್ಕೇ ನಿಂತರೆ ರಡರ್ ಹಿಂದಂಚಿನ ಎಡಮೈಗೆ ಮರದ ಸಣ್ಣ ಬೆಣೆಯನ್ನು ಟೇಪ್‌ನಲ್ಲಿ ಅಂಟಿಸಿ. ಉದ್ದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಕ್ರೂಸ್ ವೇಗದಲ್ಲಿ ಬಾಲ್ ನಡುವೆ ಬರೋ ತನಕ ನೋಡಿ, ಆಮೇಲೆ ಖಾಯಂ ಮಾಡಿ.

ಆಗಲೂ ಎಡ ರೆಕ್ಕೆ ಭಾರ ಇದ್ದರೆ, ಎರಡೂ ಟ್ಯಾಂಕ್‌ನಲ್ಲಿ ಪೆಟ್ರೋಲ್ ಸಮ ಇದೆಯೇ, ಫ್ಲಾಪ್ ಎರಡೂ ಪೂರ್ತಿ ಮೇಲೆ ಕೂತಿವೆಯೇ ನೋಡಿ. ಅದೂ ಸರಿ ಇದ್ದರೆ ಬಲಗಡೆ, ಅಂದರೆ ಹಗುರ ರೆಕ್ಕೆಯ ಏಲರಾನ್‌ನ (ವಿಮಾನ ಓರೆಯಾಗಿಸೋ ರೆಕ್ಕೆ ಪಟ್ಟಿಯ) ಹಿಂದಂಚಿನ ದುಂಡನ್ನು ಮರದ ಪಟ್ಟಿಗಳ ನಡುವೆ ಹಿಡಿದು ಉದ್ದಕ್ಕೂ ಒಂದೇ ಸಮ ಅಮುಕಿ. ಕಣ್ಣಿಗೆ ಕಾಣದಷ್ಟು ಅಮುಕಿದರೂ ಹಾರಾಟದಲ್ಲಿ ಗೊತ್ತಾಗುತ್ತೆ. ಒಂದು ಸಲ ಅಮುಕಿ, ಒಂದು ಸಲ ಹಾರಿಸಿ. ಜಾಸ್ತಿಯಾದರೆ ದುಂಡು ಹಿಂದಕ್ಕೆ ಬರಿಸೋದು ಬಲು ಕಷ್ಟ, ಆಗ ಎಡ ಏಲರಾನನ್ನೂ ಅಷ್ಟೇ ಅಮುಕಿ ಸಮ ಮಾಡಬೇಕಾಗುತ್ತೆ, ಸ್ಟಿಕ್ ಕೂಡ ಗಡುಸಾಗುತ್ತೆ.