ದೂರದ ಸವಾರಿಯಲ್ಲಿ ಬಲಗೈಗೆ ಜೋಮು: ಬೈಕಿನ ಅದುರಿನ ಮೂಲವನ್ನು ಹುಡುಕುವುದು ಹೇಗೆ?

ಪ್ರಶ್ನೆ: ತರೀಕೆರೆ ಸವಾರ

ನಮಸ್ಕಾರ. ನನ್ನ ಬಳಿ ಹನ್ನೊಂದು ವರ್ಷ ಹಳೆಯದಾದ, ಅದುರನ್ನು ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲದ, 350 ಸಿಸಿಯ ಏಕ ಸಿಲಿಂಡರ್ ಬೈಕ್ ಇದೆ. ತಿಂಗಳಿಗೆರಡು ಸಲ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ಮಾರ್ಗವಾಗಿ ತರೀಕೆರೆಯ ನಮ್ಮ ಮನೆಗೆ ಹೋಗಿಬರುತ್ತೇನೆ. ಕಳೆದ ವರ್ಷದವರೆಗೆ ಕೈ ಸ್ವಲ್ಪ ದಣಿಯುತ್ತಿತ್ತು, ಅಷ್ಟೇ. ಈಗ ಗಂಟೆಗೆ 80 ಕಿ.ಮೀ. ದಾಟಿದ ಕೂಡಲೇ ಹ್ಯಾಂಡಲ್ ಜುಮ್ಮೆಂದು ಅದುರತೊಡಗುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಬರೀ ಬಣ್ಣದ ಮುದ್ದೆಯಾಗಿ ಕಾಣುತ್ತದೆ, ಮತ್ತು ತುಮಕೂರು ದಾಟಿ ಅರ್ಧ ಗಂಟೆಯಾಗುವಷ್ಟರಲ್ಲಿ ಬಲಗೈಯ ಉಂಗುರ ಬೆರಳಿಗೂ ಕಿರುಬೆರಳಿಗೂ ಜೋಮು ಹಿಡಿದಿರುತ್ತದೆ. ಕಳೆದ ಬಾರಿ ತಿಪಟೂರಿನಲ್ಲಿ ನಿಂತು ಕುದಿಯುವ ಚಹಾದ ಲೋಟ ಹಿಡಿದಾಗ ಹೆಬ್ಬೆರಳು ಸುಟ್ಟಿತು, ಆದರೆ ಕಿರುಬೆರಳಿಗೆ ಬಿಸಿಯೇ ತಿಳಿಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

65ರ ವೇಗದಲ್ಲಿ ಇಷ್ಟೊಂದು ತೊಂದರೆ ಇಲ್ಲ. ಟೈರು ಹೊಸದು, ಚೈನ್ ಸ್ಪ್ರಾಕೆಟ್ ಬದಲಿಸಿ ಆರು ತಿಂಗಳಾಗಿದೆ. ಎರಡು ವರ್ಷದ ಹಿಂದೆ ಅಂದಕ್ಕೆಂದು ಅಗಲವಾದ ಬೇರೆ ಹ್ಯಾಂಡಲ್ ಹಾಕಿಸಿದ್ದೆ. ಗ್ಯಾರೇಜಿನಲ್ಲಿ ಕೇಳಿದರೆ ಈ ಗಾಡಿಗಳ ಸ್ವಭಾವವೇ ಹೀಗೆ ಎನ್ನುತ್ತಾರೆ. ದಪ್ಪ ಫೋಮ್ ಗ್ರಿಪ್ಪನ್ನೂ ಜೆಲ್ ಇರುವ ಗ್ಲೌಸನ್ನೂ ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು ಎಂದು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಳೆಯ ಮೆಕ್ಯಾನಿಕ್

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಅದುರು ಇಂಜಿನ್ನಿನದೋ ಚಕ್ರದ್ದೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು, ಅದಕ್ಕೆ ಹಣ ಬೇಕಿಲ್ಲ. ಖಾಲಿಯಾದ ನೇರ ರಸ್ತೆಯಲ್ಲಿ 65ರ ವೇಗವನ್ನು ಐದನೇ ಗೇರಿನಲ್ಲಿ ಹಿಡಿದು ನೋಡಿ, ನಂತರ ಅದೇ ವೇಗವನ್ನು ನಾಲ್ಕನೆಯದರಲ್ಲಿ ಹಿಡಿಯಿರಿ. ವೇಗ ಒಂದೇ ಇದ್ದು ಅದುರು ಹೆಚ್ಚಾದರೆ ಅದು ಇಂಜಿನ್ ಕಡೆಯದು. ಆಮೇಲೆ 80ರಲ್ಲಿ ಕ್ಲಚ್ ಹಿಡಿದು ಥ್ರಾಟಲ್ ಬಿಡಿ. ಅದುರು ತಕ್ಷಣ ನಿಂತರೆ ಚಕ್ರ, ಟೈರುಗಳು ನಿರಪರಾಧಿಗಳು. ಚಕ್ರದ ದೋಷವನ್ನು ಕೈಯೇ ಗುರುತಿಸುತ್ತದೆ, ಏಕೆಂದರೆ ಸುಮಾರು ಎರಡು ಮೀಟರ್ ಸುತ್ತಳತೆಯ ಚಕ್ರ 85 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹನ್ನೆರಡು ಸುತ್ತು ಮಾತ್ರ ತಿರುಗುತ್ತದೆ, ಆಗ ಹ್ಯಾಂಡಲ್ ಕುಲುಕಿದಂತಾಗುತ್ತದೆ. ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗಲಾದರೋ ಸೆಕೆಂಡಿಗೆ ಸುಮಾರು 67 ಬಾರಿ ಅದುರುತ್ತದೆ. ಕನ್ನಡಿಯನ್ನು ಮಸುಕಾಗಿಸಿ ಬೆರಳಿಗೆ ಜೋಮು ಹಿಡಿಸುವುದು ಈ ಬಗೆಯದು.

ಏಕ ಸಿಲಿಂಡರ್ ಇಂಜಿನ್ ಅದುರುವುದು ಸಹಜ ಎಂಬ ಮಾತು ಅರ್ಧ ಮಾತ್ರ ನಿಜ. ಮೇಲೆ ಕೆಳಗೆ ಆಡುವ ಪಿಸ್ಟನ್ನಿನ ಬಲವನ್ನು ಪಿಸ್ಟನ್ನಿನಿಂದ ತಿರುಗುವ ಕ್ರ್ಯಾಂಕ್ ದಂಡದ ಪ್ರತಿತೂಕದಿಂದ ಪೂರ್ತಿ ಸರಿದೂಗಿಸಲು ಹೋದರೆ ಅಷ್ಟೇ ಬಲ ಹಿಂದೆ ಮುಂದೆ ತಿರುಗಿಕೊಳ್ಳುತ್ತದೆ. ಹಾಗಾಗಿ ಒಂದು ಭಾಗವನ್ನಷ್ಟೇ ಸರಿದೂಗಿಸಿ ಉಳಿದದ್ದನ್ನು ಬಿಟ್ಟಿರುತ್ತಾರೆ. ಉಳಿದ ಬಲ ಇಂಜಿನ್ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಒಂದೇ ಗೇರಿನಲ್ಲಿ 65ರಿಂದ 85ಕ್ಕೆ ಏರಿದರೆ ಅದು ಸುಮಾರು 1.7 ಪಟ್ಟಾಗುತ್ತದೆ. ಆದರೆ ನಿಮ್ಮ ಗಾಡಿ ಹತ್ತು ವರ್ಷ ಸುಮ್ಮನಿದ್ದು ಈಗ ಕೆಟ್ಟಿದೆ ಎಂದರೆ ಅದು ಸ್ವಭಾವವಲ್ಲ, ಯಾವುದೋ ಭಾಗ ಸಡಿಲಗೊಂಡಿದೆ ಎಂದೇ ಅರ್ಥ.

ನಾನಾದರೆ ಮೊದಲು ಕೈಹಾಕುವುದು ಇಂಜಿನ್ನನ್ನು ಫ್ರೇಮಿಗೆ ಕೂರಿಸುವ ಫೌಂಡೇಶನ್ (ಮೌಂಟ್) ಬೋಲ್ಟುಗಳಿಗೆ ಮತ್ತು ಹೆಡ್ಡನ್ನು ಫ್ರೇಮಿಗೆ ಹಿಡಿದಿರುವ ಮೇಲಿನ ಬ್ರಾಕೆಟ್ಟಿಗೆ. ಟ್ಯಾಂಕ್ ಇಳಿಸಿ, ಟಾರ್ಚ್ ಬಿಟ್ಟು, ಬೋಲ್ಟಿನ ಸುತ್ತ ಕುಂಕುಮದಂತಹ ಕೆಂಪು ಹುಡಿ ಇದೆಯೇ ನೋಡಿ. ಎರಡು ಕಬ್ಬಿಣಗಳು ಒಂದಕ್ಕೊಂದು ಉಜ್ಜಿಕೊಂಡಲ್ಲಿ ಮಾತ್ರ ಆ ಹುಡಿ ಬೀಳುತ್ತದೆ. ಬೋಲ್ಟ್ ಸಡಿಲವಾಗಿದ್ದರೆ ಅದೊಂದನ್ನೇ ಬಿಗಿದು ಬಿಡಬೇಡಿ. ಎಲ್ಲ ಮೌಂಟ್ ಬೋಲ್ಟುಗಳನ್ನೂ ಸಡಿಲಿಸಿ, ಇಂಜಿನ್ ತನ್ನ ಜಾಗದಲ್ಲಿ ಒತ್ತಡವಿಲ್ಲದೆ ಕೂತ ಮೇಲೆ, ಎಲ್ಲವನ್ನೂ ಕೈಯಿಂದ ತಿರುಗಿಸಿ ಕೂರಿಸಿ, ಕೊನೆಗೆ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಚೈನಿನ ಸಡಿಲವನ್ನು ಒಂದೇ ಕಡೆ ನೋಡದೆ ಚಕ್ರ ತಿರುಗಿಸುತ್ತ ನಾಲ್ಕು ಕಡೆ ನೋಡಿ, ಹಿಂದಿನ ಚಕ್ರದ ಹಬ್ಬಿನೊಳಗಿನ ರಬ್ಬರ್ ಸವೆದಿದೆಯೇ ಗಮನಿಸಿ, ಹ್ಯಾಂಡಲ್ ತಿರುಗುವ ಬೇರಿಂಗುಗಳಾದ ಕೋನ್ ಸೆಟ್ಟಿನಲ್ಲಿ ಸಡಿಲ ಅಲುಗಾಟವಿದೆಯೇ ಪರೀಕ್ಷಿಸಿ.

ಉತ್ತರ 2: ಫಿಸಿಯೋಥೆರಪಿಸ್ಟ್, ಸವಾರ ಕೂಡ

ಗಾಡಿಯ ಜೊತೆಗೆ ಕೈಯನ್ನೂ ಪರೀಕ್ಷಿಸಬೇಕು. ಯಾವ ಬೆರಳಿಗೆ ಜೋಮು ಹಿಡಿಯುತ್ತದೆ ಎಂಬುದು ಬಹಳ ಹೇಳುತ್ತದೆ. ಕಿರುಬೆರಳು ಮತ್ತು ಉಂಗುರ ಬೆರಳಿನಲ್ಲಿ ಕಿರುಬೆರಳಿನ ಕಡೆಯ ಅರ್ಧ ಅಲ್ನಾರ್ ನರಕ್ಕೆ ಸೇರಿದವು. ಈ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಇಕ್ಕಟ್ಟಾದ ದಾರಿಯೊಂದರ ಮೂಲಕ ಹಾದುಹೋಗುತ್ತದೆ. ಅಂಗೈಯ ಬುಡವನ್ನು ಹ್ಯಾಂಡಲ್ ಮೇಲೆ ಊರಿ ಮೈಭಾರ ಹಾಕುವವರಲ್ಲಿ ಅದು ಅಲ್ಲಿಯೇ ಒತ್ತಲ್ಪಡುತ್ತದೆ. ದೂರ ಸೈಕಲ್ ತುಳಿಯುವವರಿಗೂ ಇದೇ ತೊಂದರೆ ಬರುತ್ತದೆ, ಅವರಿಗೆ ಇಂಜಿನ್ನೇ ಇರುವುದಿಲ್ಲ ಎಂಬುದನ್ನು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹಿಡಿದರೆ ಅದು ಮೀಡಿಯನ್ ನರದ ಸೂಚನೆ, ಮಣಿಕಟ್ಟು ಬಗ್ಗಿರುವುದು ಅದಕ್ಕೆ ಸಾಮಾನ್ಯ ಕಾರಣ.

ನಿಮ್ಮ ಹೊಸ ಹ್ಯಾಂಡಲ್ಲಿನಲ್ಲಿ ಬ್ರೇಕ್, ಕ್ಲಚ್ ಲಿವರುಗಳ ಕೋನವನ್ನು ನೋಡಿ. ಸೀಟಿನಲ್ಲಿ ಕುಳಿತು ಬೆರಳುಗಳನ್ನು ಲಿವರಿನ ಮೇಲಿಟ್ಟಾಗ ಮೊಣಕೈಯಿಂದ ಬೆರಳಿನ ತುದಿಯವರೆಗೆ ಒಂದೇ ನೇರ ಗೆರೆ ಬರಬೇಕು. ಹಲವರ ಗಾಡಿಯಲ್ಲಿ ಲಿವರ್ ಮೇಲಕ್ಕೆ ತಿರುಗಿರುತ್ತದೆ, ಮಣಿಕಟ್ಟು ಗಂಟೆಗಟ್ಟಲೆ ಹಿಂದಕ್ಕೆ ಬಾಗಿರುತ್ತದೆ. ಥ್ರಾಟಲ್ ಕೇಬಲ್ ಒಣಗಿ ಬಿಗಿಯಾಗಿದ್ದರೆ ಬಲಗೈ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಗಟ್ಟಿಯಾಗಿ ಹಿಡಿದಷ್ಟೂ ಅದುರು ಕೈಯೊಳಗೆ ಹೆಚ್ಚು ಇಳಿಯುತ್ತದೆ.

ಗಂಭೀರವಾಗಿ ಒಂದು ಮಾತು ಹೇಳುತ್ತೇನೆ. ಜೋಮು ಮರುದಿನ ಬೆಳಿಗ್ಗೆಯೂ ಉಳಿದರೆ, ಬೀಗದ ಕೈ ತಿರುಗಿಸಲು ಬಲ ಸಾಲದಾದರೆ, ಅಥವಾ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸಖಂಡ ಕುಗ್ಗಿದಂತೆ ಕಂಡರೆ ತಡಮಾಡದೆ ನರರೋಗ ತಜ್ಞರನ್ನು ಕಾಣಿರಿ. ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ, ಮಧುಮೇಹದಲ್ಲಿ ನರಗಳು ಒತ್ತಡಕ್ಕೆ ಬೇಗ ಸೋಲುತ್ತವೆ. ಚಳಿಯಲ್ಲಿ ಬೆರಳು ಬೆಳ್ಳಗಾಗುವುದು ಇನ್ನೂ ಬೇರೆ ಲಕ್ಷಣ. ಕಲ್ಲು ಕೊರೆಯುವ ಯಂತ್ರ ಹಿಡಿದು ದುಡಿದವರಲ್ಲಿ ಅದು ಶಾಶ್ವತವಾಗಿ ಉಳಿದದ್ದುಂಟು. ಯುರೋಪಿನ ಒಕ್ಕೂಟ 2002ರ ನಿರ್ದೇಶನದಲ್ಲಿ ಕೈಗೆ ತಗಲುವ ಕಂಪನಕ್ಕೆ ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ 5 ಮೀ/ಸೆ² ಮಿತಿಯನ್ನು ಇಟ್ಟದ್ದು ಇಂತಹ ಹಾನಿಯನ್ನು ತಡೆಯಲೆಂದೇ.

ಉತ್ತರ 3: ಘಟ್ಟದ ದಾರಿ

ಹ್ಯಾಂಡಲ್ ಬಗ್ಗೆ ಒಂದು ಮಾತು. ಹೊರಗಿನಿಂದ ತಂದು ಹಾಕುವ ಹ್ಯಾಂಡಲ್ ಬಹುಪಾಲು ತೆಳು ಪೈಪು, ತುದಿಗಳು ಖಾಲಿ. ಕಂಪನಿಯಿಂದ ಬಂದದ್ದರಲ್ಲಿ ತುದಿಗೆ ಕಬ್ಬಿಣದ ಬಾರ್ ಎಂಡ್ ತೂಕ ಇದ್ದರೆ ಅದು ಅಲಂಕಾರಕ್ಕಲ್ಲ. ಉದ್ದನೆಯ ಪೈಪು ತನ್ನದೇ ಆದ ಲಯವೊಂದರಲ್ಲಿ ಮಿಡಿಯುತ್ತದೆ, ಇಂಜಿನ್ನಿನ ಅದುರು ಆ ಲಯಕ್ಕೆ ಕೂಡಿಬಂದ ವೇಗದಲ್ಲಿ ತಂಬೂರಿಯ ತಂತಿಯಂತೆ ಗುಂಯ್‌ಗುಡುತ್ತದೆ. ತುದಿಗೆ ತೂಕ ಹಾಕಿದಾಗ ಆ ಲಯ ಕೆಳಕ್ಕೆ ಸರಿಯುತ್ತದೆ. ಹಳೆಯ ಹ್ಯಾಂಡಲ್ ಇನ್ನೂ ಮನೆಯಲ್ಲಿದ್ದರೆ ಒಂದು ಸವಾರಿಗೆ ಅದನ್ನೇ ಹಾಕಿ ನೋಡಿ. ದಪ್ಪ ಫೋಮ್ ಗ್ರಿಪ್ಪನ್ನು ನಾನು ಹಾಕಿ ತೆಗೆದವನು. ನನ್ನ ಕೈ ಚಿಕ್ಕದು, ಗ್ರಿಪ್ ದಪ್ಪವಾದಷ್ಟೂ ಹೆಚ್ಚು ಹಿಂಡಬೇಕಾಯಿತು, ಜೋಮು ಇಳಿಯುವ ಬದಲು ಮೊಣಕೈಯವರೆಗೆ ಏರಿತು.

ಮರುಮಾತು: ತರೀಕೆರೆ ಸವಾರ

ಎಲ್ಲರಿಗೂ ಕೃತಜ್ಞತೆಗಳು. ಗೇರಿನ ಪರೀಕ್ಷೆಯಲ್ಲಿ ಅದುರು ಇಂಜಿನ್ನಿನದೆಂದು ಸ್ಪಷ್ಟವಾಯಿತು. ಭಾನುವಾರ ಟ್ಯಾಂಕ್ ಇಳಿಸಿ ನೋಡಿದಾಗ ಮೇಲಿನ ಬ್ರಾಕೆಟ್ಟಿನ ಒಂದು ಬೋಲ್ಟಿನ ಸುತ್ತ ನೀವು ಹೇಳಿದ ಕೆಂಪು ಹುಡಿ ಬೆರಳಿಗೆ ಅಂಟುವಷ್ಟಿತ್ತು. ಬಿಚ್ಚಿದರೆ ವಾಷರ್ ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ಹಿಂದೊಮ್ಮೆ ಕೆಲಸ ಮಾಡಿದವರು ಅಳತೆಗಿಂತ ಸಣ್ಣ ಬೋಲ್ಟ್ ಹಾಕಿದ್ದಾರೆ, ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿದೆ. ಸದ್ಯಕ್ಕೆ ಸರಿಯಾದ ಬೋಲ್ಟ್ ಹಾಕಿ, ಎಲ್ಲ ಮೌಂಟುಗಳನ್ನೂ ಸಡಿಲಿಸಿ ಬಿಗಿಸಿದೆ. ಹಳೆಯ ಹ್ಯಾಂಡಲ್ಲನ್ನು ಅದರ ತೂಕಗಳ ಸಮೇತ ಮರಳಿ ಹಾಕಿ, ಲಿವರುಗಳನ್ನು ಕೆಳಕ್ಕೆ ತಿರುಗಿಸಿದೆ.

ಶನಿವಾರ ಊರಿಗೆ ಹೋದೆ. ತಿಪಟೂರಿನಲ್ಲಿ ಅದೇ ಅಂಗಡಿಯ ಚಹಾದ ಲೋಟ ಐದೂ ಬೆರಳಿಗೆ ಸುಟ್ಟಿತು. 80ರಲ್ಲಿ ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಪ್ಲೇಟ್ ಓದಲು ಬರುತ್ತದೆ. ಕಡೂರು ದಾಟಿದ ಮೇಲೆ ಕಿರುಬೆರಳಿನಲ್ಲಿ ಮಾತ್ರ ಸ್ವಲ್ಪ ಜುಮುಜುಮು ಬಂತು, ಆದ್ದರಿಂದ ಮುಂದಿನ ವಾರ ನರದ ಪರೀಕ್ಷೆ ಮಾಡಿಸುತ್ತಿದ್ದೇನೆ. ಸವೆದ ಬ್ರಾಕೆಟ್ಟಿನ ರಂಧ್ರಕ್ಕೆ ವೆಲ್ಡಿಂಗ್ ಮಾಡಿಸಿ ಮತ್ತೆ ಕೊರೆಸಬಹುದೇ?

ಉತ್ತರ 4: ಹಳೆಯ ಮೆಕ್ಯಾನಿಕ್

ಬೇಡ. ಅದುರುವ ಜಾಗದಲ್ಲಿ ವೆಲ್ಡಿಂಗಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಹೊಸ ಬ್ರಾಕೆಟ್ ತರಿಸಿ ಹಾಕಿ. ಬಿಗಿದ ನಂತರ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. 500 ಕಿ.ಮೀ. ಓಡಿದ ಮೇಲೆ ಟ್ಯಾಂಕಿನ ಅಡಿಗೆ ಟಾರ್ಚ್ ಬಿಟ್ಟು ನೋಡಿದಾಗ ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದು ತಿಳಿದು ಮತ್ತೊಮ್ಮೆ ಬಿಗಿಯಿರಿ.