ಪ್ರಶ್ನೋತ್ತರ: ಮದರ್‌ಬೋರ್ಡ್‌ನಲ್ಲಿ ಯುಎಸ್‌ಬಿ ಹೆಡರ್ ಸಾಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿ, ಫೋಟೊ ಸ್ಟುಡಿಯೊ)

ನಮಸ್ಕಾರ ಸರ್. ಮದುವೆ ಆಲ್ಬಮ್ ಮತ್ತು ವಿಡಿಯೊ ಎಡಿಟಿಂಗ್ ಕೆಲಸಕ್ಕೆ ಹೊಸ ಡೆಸ್ಕ್‌ಟಾಪ್ ಜೋಡಿಸಿದ್ದೇನೆ. ಬೋರ್ಡ್ ಮೇಲೆ ಒಳಗಿನ ವೈರ್ ಚುಚ್ಚುವ ಪಿನ್ನುಗಳ ಗುಂಪಿಗೆ ಹೆಡರ್ ಅನ್ನುತ್ತಾರಲ್ಲ, 9 ಪಿನ್ನಿನ ಯುಎಸ್‌ಬಿ 2.0 ಹೆಡರ್ ಇರುವುದು ಎರಡೇ. 19 ಪಿನ್ನಿನ 3.0 ಹೆಡರ್ ಒಂದಿದೆ, ಅದು ಕ್ಯಾಬಿನೆಟ್ ಮುಂಭಾಗಕ್ಕೆ ಹೋಯಿತು. ಉಳಿದ ಎರಡಕ್ಕೆ ನಾಲ್ಕು ವೈರ್ ಕಾಯುತ್ತಿವೆ: ಲಿಕ್ವಿಡ್ ಕೂಲರ್, ವೈಫೈ ಕಾರ್ಡಿನಿಂದ ಬಂದ ಒಂದು ವೈರ್, ಬಣ್ಣದ ಲೈಟಿನ (ಆರ್‌ಜಿಬಿ) ಫ್ಯಾನ್ ಕಂಟ್ರೋಲರ್, ಮುಂಭಾಗದ ಕಾರ್ಡ್ ರೀಡರ್. ಸದ್ಯ ಕೂಲರ್ ಮತ್ತು ಕಾರ್ಡ್ ರೀಡರ್ ಹಾಕಿದ್ದೇನೆ. ವೈಫೈ ಚೆನ್ನಾಗಿ ಬರುತ್ತಿದೆ, ಆದರೆ ಬ್ಲೂಟೂತ್ ಕಾಣಿಸುತ್ತಲೇ ಇಲ್ಲ. ಆನ್‌ಲೈನ್‌ನಲ್ಲಿ ಸ್ಪ್ಲಿಟರ್ ಕೇಬಲ್ ಅಂತ ಒಂದಿದೆ, ಇಂಟರ್ನಲ್ ಹಬ್ ಅಂತ ಇನ್ನೊಂದಿದೆ. ಯಾವುದು ತಗೊಳ್ಳಲಿ?

ಉತ್ತರ (ಹಾರ್ಡ್‌ವೇರ್ ಸರ್ವಿಸ್, ಶಿವಮೊಗ್ಗ)

ನಮಸ್ಕಾರ. ಮೊದಲು ಬ್ಲೂಟೂತ್ ವಿಷಯ ಮುಗಿಸಿಬಿಡೋಣ. ಡೆಸ್ಕ್‌ಟಾಪಿಗೆ ಹಾಕುವ ವೈಫೈ ಕಾರ್ಡಿನಲ್ಲಿ ವೈಫೈ ಭಾಗ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ (ಬೋರ್ಡಿನಲ್ಲಿ ಕಾರ್ಡ್ ಕೂರಿಸುವ ಜಾಗ) ಮೂಲಕ ಕೆಲಸ ಮಾಡುತ್ತದೆ. ಬ್ಲೂಟೂತ್ ಭಾಗಕ್ಕೆ ಯುಎಸ್‌ಬಿ ಬೇಕು. ಆ ಸಣ್ಣ ವೈರ್ ಇರುವುದೇ ಅದಕ್ಕೆ. ವೈಫೈ ಬರುತ್ತಿದೆಯಲ್ಲ ಅಂತ ಎಷ್ಟೋ ಜನ ಆ ವೈರನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. ಆಮೇಲೆ ಡ್ರೈವರ್ ಹಾಕಿ ತೆಗೆದು, ವಿಂಡೋಸನ್ನೇ ಮತ್ತೆ ಹಾಕಿಸಿಕೊಂಡು ಸುಸ್ತಾಗುತ್ತಾರೆ.

ಈಗ ನಿಮ್ಮ ಲೆಕ್ಕ. ಹೆಡರ್ ಎರಡೇ ಅಂತ ನೀವು ಎಣಿಸಿದಿರಿ. ಪೋರ್ಟ್ ಎಷ್ಟು ಅಂತ ಎಣಿಸಿ. 9 ಪಿನ್ನಿನ ಒಂದು ಹೆಡರ್‌ನಲ್ಲಿ ಎರಡು ಸಾಲು ಇವೆ, ಒಂದೊಂದು ಸಾಲೂ ಒಂದೊಂದು ಪೂರ್ತಿ ಯುಎಸ್‌ಬಿ ಪೋರ್ಟ್. ಸಾಲಿನಲ್ಲಿ ಮೊದಲನೆಯದು 5 ವೋಲ್ಟ್, ಆಮೇಲೆ ಡೇಟಾ ಮೈನಸ್, ಡೇಟಾ ಪ್ಲಸ್, ಕೊನೆಗೆ ಗ್ರೌಂಡ್. ಐದನೆಯ ಜಾಗದಲ್ಲಿ ಒಂದು ಕಡೆ ಪಿನ್ ಇರುವುದಿಲ್ಲ, ಪ್ಲಗ್ ತಿರುಗುಮುರುಗಾಗದಿರಲಿ ಅಂತ. ಇನ್ನೊಂದು ಕಡೆ ಪಿನ್ ಇದ್ದರೂ ಅದಕ್ಕೆ ಕೆಲಸವಿಲ್ಲ. ಅಂದರೆ ನಿಮ್ಮ ಎರಡು ಹೆಡರ್‌ನಲ್ಲಿ ನಾಲ್ಕು ಪೋರ್ಟ್ ಇವೆ. ನಿಮ್ಮ ನಾಲ್ಕು ಸಾಮಾನಿಗೂ ಸಾಮಾನ್ಯವಾಗಿ ಒಂದೊಂದೇ ಪೋರ್ಟ್ ಸಾಕು.

ತೊಂದರೆ ಇರುವುದು ಪ್ಲಗ್ಗಿನಲ್ಲಿ. ಬ್ಲೂಟೂತ್ ವೈರಿನ ತುದಿಯನ್ನು ನೋಡಿ. ಒಂದೇ ಸಾಲಿನ ಸಣ್ಣ ಪ್ಲಗ್ ಆಗಿದ್ದರೆ ಒಂದು ಹೆಡರ್‌ನಲ್ಲಿ ಅಂಥವು ಎರಡು ಪಕ್ಕಪಕ್ಕದಲ್ಲೇ ಕೂರುತ್ತವೆ, ದುಡ್ಡೇ ಖರ್ಚಿಲ್ಲ. ಎರಡು ಸಾಲಿನ ಅಗಲ ಪ್ಲಗ್ ಆಗಿದ್ದರೆ, ಒಳಗೆ ನಾಲ್ಕೇ ವೈರ್ ಇದ್ದರೂ ಅದು ಇಡೀ ಹೆಡರನ್ನು ಮುಚ್ಚಿಬಿಡುತ್ತದೆ. ಆಗ ಮಾತ್ರ ಖರೀದಿಯ ಮಾತು. ನಾಲ್ಕೂ ಪ್ಲಗ್ಗಿನ ಫೋಟೊ ಹಾಕಿ, ಆಮೇಲೆ ಹೇಳುತ್ತೇನೆ.

ಮರುಪ್ರಶ್ನೆ (ಸಾಗರ)

ನಡುವೆ ಬಾಯಿ ಹಾಕುತ್ತಿದ್ದೇನೆ ಸರ್. ನಾನು ಒಂದು ಸ್ಪ್ಲಿಟರ್ ತರಿಸಿದ್ದೆ. ಒಂದು ಸಾಮಾನು ಹಾಕಿದರೆ ಸರಿ. ಎರಡೂ ಹಾಕಿದರೆ ಎರಡೂ ಹೋಗುತ್ತವೆ, ಸ್ಕ್ರೀನ್ ಮೇಲೆ ಡಿವೈಸ್ ಗುರುತಿಸಲಾಗಲಿಲ್ಲ ಅಂತ ಬರುತ್ತದೆ. ಕೇಬಲ್ ಕೆಟ್ಟಿದೆಯಾ?

ಉತ್ತರ

ಕೇಬಲ್ ಕೆಟ್ಟಿಲ್ಲ ಮಾರಾಯ್ರೆ, ಅದನ್ನು ಮಾಡಿರುವ ರೀತಿಯೇ ಹಾಗೆ. ಸ್ಪ್ಲಿಟರ್ ಹೆಸರಲ್ಲಿ ಎರಡು ಜಾತಿ ಮಾರುತ್ತಾರೆ. ಒಂದು, ಹೆಡರಿನ ಎರಡು ಸಾಲನ್ನು ಬೇರೆ ಮಾಡಿ ಒಂದೊಂದು ಬಾಯಿಗೆ ಒಂದೊಂದು ಪೋರ್ಟ್ ಕೊಡುವುದು. ಇದು ಸರಿಯಾದದ್ದು. ಇನ್ನೊಂದು, ಅದೇ ಪಿನ್ನುಗಳಿಗೆ ಎರಡು ಕಡೆ ವೈರ್ ಎಳೆದದ್ದು. ನಿಮ್ಮದು ಇದು. ಹಳೆ ಲ್ಯಾಂಡ್‌ಲೈನಿಗೆ ಪ್ಯಾರಲಲ್ ಫೋನ್ ಹಾಕಿ ಇಬ್ಬರೂ ಒಟ್ಟಿಗೆ ಬೇರೆ ಬೇರೆಯವರ ಹತ್ತಿರ ಮಾತಾಡಲು ಹೋದ ಹಾಗೆ ಆಗುತ್ತದೆ. ಯುಎಸ್‌ಬಿಯ ಒಂದು ಜೋಡಿ ಡೇಟಾ ವೈರಿನ ತುದಿಯಲ್ಲಿ ಒಂದೇ ಸಾಮಾನು ಇರಬೇಕು. ಜಾಸ್ತಿ ಬೇಕಾದರೆ ನಡುವೆ ಒಂದು ಪೋರ್ಟನ್ನು ಹಲವಕ್ಕೆ ಹಂಚುವ ಹಬ್ ಚಿಪ್ ಬೇಕೇ ಬೇಕು.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಬೀಪ್ ಮೋಡಿಗೆ ಹಾಕಿ. ಹೆಡರ್ ಕಡೆಯ ಒಂದು ಡೇಟಾ ತೂತಿಗೆ ಒಂದು ಕಡ್ಡಿ ಇಡಿ, ಇನ್ನೊಂದನ್ನು ಎರಡೂ ಬಾಯಿಗೆ ಮುಟ್ಟಿಸಿ ನೋಡಿ. ಎರಡು ಕಡೆಯೂ ಬೀಪ್ ಬಂದರೆ ಅದು ಉಪಯೋಗವಿಲ್ಲ. ಬರೀ ದೀಪಕ್ಕೆ ಕರೆಂಟ್ ಕೊಡಲು ಇಟ್ಟುಕೊಳ್ಳಬಹುದು ಅಷ್ಟೇ.

ಮೂಲ ಪ್ರಶ್ನೆಯವರು

ಫೋಟೊ ಹಾಕಿದ್ದೇನೆ ಸರ್. ನಾಲ್ಕೂ ಅಗಲ ಪ್ಲಗ್ಗೇ. ಮುಂದೆ ಇನ್ನೊಂದು ಕಂಟ್ರೋಲರ್ ಹಾಕುವ ಯೋಚನೆಯೂ ಇದೆ.

ಉತ್ತರ

ಹಾಗಾದರೆ ಹಬ್ಬೇ ತಗೊಳ್ಳಿ. ಆದರೆ ಸಿಕ್ಕಿದ್ದನ್ನೆಲ್ಲ ತಗೊಳ್ಳಬೇಡಿ.

ಹಬ್ಬಿಗೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿನ ಪವರ್ ಡಬ್ಬಿ) ನೇರ ಕರೆಂಟ್ ತಗೊಳ್ಳುವ ಸಾಟಾ ಅಥವಾ ಮೊಲೆಕ್ಸ್ ವೈರ್ (ಎರಡು ಬಗೆಯ ಪವರ್ ಪ್ಲಗ್) ಇರಬೇಕು. ಇದು ಯಾಕೆ ಮುಖ್ಯ ಅಂದರೆ, ಹಬ್ ಎಷ್ಟೇ ಬಾಯಿಯದ್ದಾದರೂ ಬೋರ್ಡಿಗೆ ಸೇರುವುದು ಒಂದೇ ಪೋರ್ಟಿನಿಂದ. ಯುಎಸ್‌ಬಿ 2.0 ನಿಯಮದ ಪ್ರಕಾರ ಒಂದು ಪೋರ್ಟ್ ಕೊಡುವುದು 500 ಮಿಲಿಆಂಪ್. ಬರೀ ಅದನ್ನೇ ನಂಬಿದ ಹಬ್ ತನ್ನ ಒಂದೊಂದು ಬಾಯಿಗೆ 100 ಮಿಲಿಆಂಪ್ ಮಾತ್ರ ಕೊಡಬಹುದು ಅಂತ ನಿಯಮ. ಬ್ಲೂಟೂತಿಗೆ ಅಷ್ಟು ಸಾಕು. ಕಾರ್ಡ್ ರೀಡರ್‌ಗೆ ಸಾಲುವುದಿಲ್ಲ. ಕಾರ್ಡ್ ಕಾಪಿ ಆಗುತ್ತಾ ಆಗುತ್ತಾ ಅರ್ಧದಲ್ಲಿ ನಿಂತುಬಿಡುತ್ತದೆ. ಮದುವೆ ಫೋಟೊ ಇರುವ ಕಾರ್ಡು ಅದು, ಅಲ್ವಾ?

ಸಾಟಾ ಪವರ್ ಬಾಯಿ ಖಾಲಿ ಇಲ್ಲದೆ ಮೊಲೆಕ್ಸಿನಿಂದ ಸಾಟಾ ಮಾಡುವ ಕನ್ವರ್ಟರ್ ಹಾಕುವುದಾದರೆ ಅದರ ಪ್ಲಗ್ಗನ್ನು ಹತ್ತಿರದಿಂದ ನೋಡಿ. ವೈರ್ ಸಮೇತ ಪ್ಲಾಸ್ಟಿಕ್ ಅಚ್ಚಿನಲ್ಲಿ ಎರಕ ಹೊಯ್ದದ್ದು ಬೇಡ. ಒಳಗೆ ವೈರುಗಳು ಒಂದಕ್ಕೊಂದು ತಾಗಿ ಸುಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಒಂದೊಂದು ವೈರನ್ನೂ ಬೇರೆ ಬೇರೆ ಒತ್ತಿ ಕೂರಿಸಿದ್ದು ವಾಸಿ.

ಇನ್ನು ಯಾವುದನ್ನು ಎಲ್ಲಿ ಹಾಕುವುದು. ಕಾರ್ಡ್ ರೀಡರ್ ನೇರ ಬೋರ್ಡಿಗೆ ಇರಲಿ. ಹಬ್ಬಿನ ಎಲ್ಲ ಬಾಯಿಗೂ ಸೇರಿ 480 ಮೆಗಾಬಿಟ್ ಒಂದೇ ದಾರಿ, ಅದನ್ನು ಹಂಚಿಕೊಳ್ಳಬೇಕು. ಕೂಲರ್, ಬ್ಲೂಟೂತ್, ಫ್ಯಾನ್ ಕಂಟ್ರೋಲರ್‌ಗೆ ಆ ವೇಗದ ಮೂಲೆಯೂ ಬೇಡ, ಅವು ಹಬ್ಬಿಗೆ ಹೋಗಲಿ. ಇನ್ನೊಂದು ಹೆಡರಿಗೆ ಹಬ್.

ನಮ್ಮೂರ ಅಂಗಡಿಗಳಲ್ಲಿ ಹೊರಗಿಡುವ ಹಬ್ ಎಷ್ಟು ಬೇಕಾದರೂ ಸಿಗುತ್ತದೆ, ಇಂಥದ್ದು ಕೈಗೆ ಸಿಗುವುದು ಕಡಿಮೆ. ನೆಹರೂ ರೋಡ್, ದುರ್ಗಿಗುಡಿ ಕಡೆ ಒಮ್ಮೆ ವಿಚಾರಿಸಿ. ಇಲ್ಲದಿದ್ದರೆ ಆನ್‌ಲೈನ್, ಅಥವಾ ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌ಪಿ ರೋಡ್.

ಹಾಕುವಾಗ ಶಟ್‌ಡೌನ್ ಮಾಡಿದರೆ ಸಾಲದು. ಹಿಂದಿನ ಎಸ್‌ಎಂಪಿಎಸ್ ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಎಳೆಯಿರಿ. ಕಂಪ್ಯೂಟರ್ ಆಫ್ ಆಗಿದ್ದರೂ ಬಹಳ ಬೋರ್ಡುಗಳಲ್ಲಿ ಹೆಡರಿನ ಪಿನ್ನಿಗೆ 5 ವೋಲ್ಟ್ ಬರುತ್ತಲೇ ಇರುತ್ತದೆ. ಪಕ್ಕದಲ್ಲಿರುವ ಹೆಡರ್‌ಗಳ ಬಗ್ಗೆಯೂ ಎಚ್ಚರ. ಆಡಿಯೊ ಹೆಡರಿನಲ್ಲಿಯೂ 9 ಪಿನ್ ಇವೆ, ಇಲ್ಲದ ಪಿನ್ನಿನ ಜಾಗ ಮಾತ್ರ ಬೇರೆ. ಯುಎಸ್‌ಬಿಯಲ್ಲಿ ಖಾಲಿ ಇರುವುದು ತುದಿಯ 9ನೆಯ ಜಾಗ, ಆಡಿಯೊದಲ್ಲಿ 8. ಹಳೆ ಬೋರ್ಡುಗಳಲ್ಲಿ ಫೈರ್‌ವೈರ್ (ಯುಎಸ್‌ಬಿಯಂಥದ್ದೇ ಇನ್ನೊಂದು ಬಗೆಯ ಜೋಡಣೆ) ಹೆಡರ್ ಥೇಟ್ ಯುಎಸ್‌ಬಿ ಹಾಗೇ ಕಾಣುತ್ತದೆ, ಅದರಲ್ಲಿ 12 ವೋಲ್ಟ್ ಬರುತ್ತದೆ. ಅಲ್ಲಿ ಚುಚ್ಚಿದರೆ ಸಾಮಾನು ಹೋಯಿತು ಅಂತಲೇ ಲೆಕ್ಕ. ಬೋರ್ಡ್ ಮೇಲೆ ಬರೆದಿರುವ ಹೆಸರು ಓದಿ, ಟಾರ್ಚ್ ಹಿಡಿದು ನೋಡಿ ಹಾಕಿ.

ಪ್ರಶ್ನೆ (ಕೊಪ್ಪ, ಎಂಬ್ರಾಯ್ಡರಿ ಘಟಕ)

ಸರ್, ನಮ್ಮ ಡಿಸೈನ್ ಸಾಫ್ಟ್‌ವೇರಿಗೆ ಒಂದು ಲೈಸೆನ್ಸ್ ಡಾಂಗಲ್ ಇದೆ, ಅದನ್ನು ಯುಎಸ್‌ಬಿಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ಓಡುತ್ತದೆ. ಅದು ಕಳೆದರೆ ಮತ್ತೆ ಕೊಡುವುದಿಲ್ಲವಂತೆ. ಮಕ್ಕಳು ಪೆನ್‌ಡ್ರೈವ್ ಅಂತ ಕಿತ್ತುಕೊಂಡು ಹೋಗುತ್ತಾರೆ. ಕ್ಯಾಬಿನೆಟ್ ಒಳಗೇ ಇಡಲು ಆಗುತ್ತದಾ?

ಉತ್ತರ

ಆಗುತ್ತದೆ ಮೇಡಂ, ಒಳ್ಳೆಯ ಯೋಚನೆ. 9 ಪಿನ್ ಹೆಡರ್ ಮೇಲೆ ಕೂತು ಮಾಮೂಲಿ ಯುಎಸ್‌ಬಿ ಬಾಯಿ ಕೊಡುವ ಸಣ್ಣ ಅಡಾಪ್ಟರ್ ಸಿಗುತ್ತದೆ. ನೆಟ್ಟಗೆ ಮೇಲಕ್ಕೆ ನಿಲ್ಲುವುದಕ್ಕಿಂತ ಗೇಣುದ್ದ ವೈರ್ ಇರುವುದು ತಗೊಳ್ಳಿ. ನೆಟ್ಟಗಿನದಕ್ಕೆ ಡಾಂಗಲ್ ಹಾಕಿದರೆ ಗ್ರಾಫಿಕ್ಸ್ ಕಾರ್ಡಿಗೆ ತಾಗುತ್ತದೆ, ಪಿನ್ ಮೇಲೂ ಭಾರ. ಡಾಂಗಲ್ಲನ್ನು ಕ್ಯಾಬಿನೆಟ್ಟಿನ ಕೆಳಗೆ, ಗಾಳಿ ಒಳಗೆ ಬರುವ ಕಡೆ, ಒಂದು ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿ. ಹಬ್ ಮೂಲಕ ಬೇಡ, ನೇರ ಬೋರ್ಡಿಗೇ ಇರಲಿ.

ಇದನ್ನು ನೋಡಿ ವೈರ್‌ಲೆಸ್ ಮೌಸಿನ ರಿಸೀವರನ್ನೂ ಒಳಗೆ ಹಾಕಲು ಹೋಗಬೇಡಿ. ತಗಡಿನ ಡಬ್ಬಿಯೊಳಗೆ ಸಿಗ್ನಲ್ ಸತ್ತುಹೋಗುತ್ತದೆ. ಹತ್ತಿರದಲ್ಲಿ ಯುಎಸ್‌ಬಿ 3.0 ವೈರ್ ಇದ್ದರೆ ಇನ್ನೂ ಕಷ್ಟ. ಅದು 2.4 ಗಿಗಾಹರ್ಟ್ಜ್ ಪಟ್ಟಿಯಲ್ಲೇ ಗಲಾಟೆ ಹಬ್ಬಿಸುತ್ತದೆ, ಮೌಸ್ ಕೆಲಸ ಮಾಡುವುದೂ ಅಲ್ಲೇ.

ಪ್ರಶ್ನೆ (ಭದ್ರಾವತಿ)

ಅಣ್ಣ, ನನ್ನದು ಹಳೆ ಎಚ್61 ಬೋರ್ಡ್. ಮುಂದೆ ಎರಡು ನೀಲಿ (ಯುಎಸ್‌ಬಿ 3.0) ಪೋರ್ಟ್ ಇರುವ ಕ್ಯಾಬಿನೆಟ್ ತಂದೆ. ಅದರ ದಪ್ಪ ಪ್ಲಗ್ ಹಾಕಲು ಬೋರ್ಡಿನಲ್ಲಿ ಜಾಗವೇ ಇಲ್ಲ.

ಉತ್ತರ

ಎಚ್61 ಚಿಪ್‌ಸೆಟ್‌ನಲ್ಲಿ (ಬೋರ್ಡಿನ ಮುಖ್ಯ ಚಿಪ್) ಯುಎಸ್‌ಬಿ 3.0 ಇಲ್ಲ ತಮ್ಮಾ. ಇಂಟೆಲ್ ತನ್ನ ಚಿಪ್‌ಸೆಟ್ಟಿನೊಳಗೇ ಅದನ್ನು ಕೊಟ್ಟಿದ್ದು 2012ರಲ್ಲಿ ಬಂದ 7 ಸೀರೀಸಿನಿಂದ. ಎರಡು ದಾರಿ ಇವೆ. ಅಗ್ಗದ್ದು, 19 ಪಿನ್ನಿಂದ 9 ಪಿನ್ ಮಾಡುವ ಕನ್ವರ್ಟರ್. ಪೋರ್ಟ್ ಕೆಲಸ ಮಾಡುತ್ತದೆ, ವೇಗ ಮಾತ್ರ 2.0ದ್ದು. ಮೌಸ್, ಪೆನ್‌ಡ್ರೈವ್, ಪ್ರಿಂಟರ್ ಸಾಕು ಅನ್ನುವುದಾದರೆ ಇದೇ ಮಾಡು, ಸುಮ್ನೆ ದುಡ್ಡು ಹಾಕಬೇಡ.

ಹೊರಗಿನ ಹಾರ್ಡ್‌ಡಿಸ್ಕಿಗೆ ದಿನಾ ಕಾಪಿ ಮಾಡುವುದಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕು. ಒಳಮುಖವಾಗಿ 19 ಪಿನ್ ಹೆಡರ್ ಇರುವುದನ್ನೇ ಕೇಳು, ಬರೀ ಹಿಂದೆ ಪೋರ್ಟ್ ಇರುವುದೂ ಬರುತ್ತದೆ. ಸಣ್ಣ ಸ್ಲಾಟ್ ಗ್ರಾಫಿಕ್ಸ್ ಕಾರ್ಡಿನಡಿ ಮುಚ್ಚಿಹೋಗಿಲ್ಲ ತಾನೇ, ತರುವ ಮೊದಲೇ ನೋಡಿಕೋ. ಕಾರ್ಡಿನಲ್ಲಿ ಪವರ್ ಬಾಯಿ ಇದ್ದರೆ ಅದಕ್ಕೂ ವೈರ್ ಕೊಡಬೇಕು. ವಿಂಡೋಸ್ 8ರಿಂದ ಮೇಲೆ ಡ್ರೈವರ್ ಒಳಗೇ ಇದೆ, 7 ಆದರೆ ಬೇರೆ ಹಾಕಬೇಕು. ಕೀಬೋರ್ಡನ್ನು ಮಾತ್ರ ಆ ಕಾರ್ಡಿಗೆ ಹಾಕಬೇಡ. ಹಳೆ ಬೋರ್ಡಿನಲ್ಲಿ ಬಯೋಸ್‌ಗೆ (ವಿಂಡೋಸಿಗೂ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್) ಹೋಗುವಾಗ ಕೀಬೋರ್ಡ್ ಕೆಲಸ ಮಾಡದೆ ಒದ್ದಾಡುತ್ತೀಯ.

ಪ್ರಶ್ನೆ (ಆಗುಂಬೆ ಕಡೆ, ಹೋಂಸ್ಟೇ)

ನಮ್ಮಲ್ಲಿ ಸಮಸ್ಯೆ ಬೇರೆ. ಖಾಲಿ ಇದ್ದ ಹೆಡರಿಗೆ ಈಗ ವೈರ್ ಹಾಕಿದರೆ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಪಿನ್ ಮೇಲೆ ಹಸಿರು ಹಸಿರು ಕಾಣುತ್ತಿದೆ.

ಉತ್ತರ

ನಿಮ್ಮ ಕಡೆ ಮಳೆಗಾಲದಲ್ಲಿ ಕಬ್ಬಿಣದ ಪೆಟ್ಟಿಗೆ ಬೀಗವೇ ತಿರುಗುವುದಿಲ್ಲ, ಇನ್ನು ಈ ಪಿನ್ ಎಷ್ಟರದ್ದು! ತಿಂಗಳುಗಟ್ಟಲೆ ಆನ್ ಮಾಡದೆ ಇಟ್ಟ ಮೆಷಿನ್ನುಗಳಲ್ಲಿ ಇದನ್ನು ಜಾಸ್ತಿ ನೋಡುತ್ತೇವೆ. ಓಡುತ್ತಿರುವ ಕಂಪ್ಯೂಟರ್ ತನ್ನ ಬಿಸಿಗೇ ಒಣಗಿರುತ್ತದೆ, ನಿಂತದ್ದು ತೇವ ಕುಡಿಯುತ್ತದೆ.

ಕರೆಂಟ್ ಪೂರ್ತಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ತಂದು, ಮೆತ್ತಗಿನ ಬ್ರಷ್ ಅದ್ದಿ ಪಿನ್ ಉಜ್ಜಿ. ಚೆನ್ನಾಗಿ ಆರಿದ ಮೇಲೆ ಪ್ಲಗ್ ಹಾಕಿ ತೆಗೆದು ನಾಲ್ಕು ಸಲ ಮಾಡಿ, ಒಳಗಿನ ಲೋಹವೂ ಉಜ್ಜಿದ ಹಾಗಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲು, ತುಕ್ಕು ಬಿಡಿಸುವ ಎಣ್ಣೆ ಯಾವುದೂ ಬೇಡ. ಬೋರ್ಡ್ ಒಣಗಿಸಲು ಬಚ್ಚಲ ಒಲೆ ಪಕ್ಕ ಇಡುವುದೂ ಬೇಡ, ಮಸಿ ಸಮೇತ ಸರ್ವಿಸಿಗೆ ಬಂದ ಬೋರ್ಡುಗಳಿವೆ. ಹಸಿರು ಪಿನ್ನಿನ ಬುಡದ ಬೆಸುಗೆವರೆಗೂ ಇಳಿದಿದ್ದರೆ ಆ ಹೆಡರ್ ಬಿಟ್ಟು ಬೇರೆಯದಕ್ಕೆ ಹಬ್ ಹಾಕಿಕೊಳ್ಳಿ.

ಮೂಲ ಪ್ರಶ್ನೆಯವರು

ಸರ್, ಹಬ್ ಬಂತು, ಹಾಕಿದೆ. ಬ್ಲೂಟೂತ್ ಬಂತು, ಫ್ಯಾನ್ ಲೈಟೂ ಬಂತು. ಕೂಲರ್ ಮಾತ್ರ ಅದರ ಸಾಫ್ಟ್‌ವೇರಿನಲ್ಲಿ ಆಗಾಗ ಮಾಯ ಆಗುತ್ತಿದೆ. ಪಂಪ್ ನಿಂತುಹೋಗಿ ಪ್ರೊಸೆಸರ್ ಸುಡುತ್ತದೇನೋ ಅಂತ ಹೆದರಿಕೆ.

ಉತ್ತರ

ಹೆದರಬೇಡಿ. ಹೆಚ್ಚಿನ ಕೂಲರುಗಳಲ್ಲಿ ಪಂಪ್ ಓಡುವುದು ಸಾಟಾ ಅಥವಾ ಫ್ಯಾನ್ ಹೆಡರಿನ ಕರೆಂಟಿನಿಂದ. ಯುಎಸ್‌ಬಿ ಇರುವುದು ಬರೀ ಲೈಟು ಮತ್ತು ವೇಗದ ಹತೋಟಿಗೆ. ಬಯೋಸ್‌ನಲ್ಲಿ ಪಂಪಿನ ವೇಗ ಮತ್ತು ಪ್ರೊಸೆಸರ್ ಬಿಸಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಕೆಲವು ಕೂಲರ್ ಹಬ್ ಜೊತೆ ಹೊಂದುವುದಿಲ್ಲ. ಅದನ್ನು ನೇರ ಬೋರ್ಡಿಗೆ ಬದಲಿಸಿ, ಕಾರ್ಡ್ ರೀಡರನ್ನು ಹಬ್ಬಿಗೆ ಹಾಕಿ. ಹಬ್ಬಿಗೆ ಸಾಟಾ ಪವರ್ ಕೊಟ್ಟಿದ್ದೀರಲ್ಲ, ಈಗ ಕರೆಂಟಿನ ಚಿಂತೆ ಇಲ್ಲ. ಕಾಪಿ ಸ್ವಲ್ಪ ನಿಧಾನ ಅನಿಸಿದರೆ ಮುಂಭಾಗದ 3.0 ಪೋರ್ಟಿಗೆ ಹೊರಗಿನ ರೀಡರ್ ಹಾಕಿಕೊಳ್ಳಿ. ನಿಮ್ಮ ಕೆಲಸಕ್ಕೆ ಹೇಗೂ ಅದೇ ವಾಸಿ.

ಮೂಲ ಪ್ರಶ್ನೆಯವರು

ಬದಲಿಸಿದೆ ಸರ್, ಈಗ ಕೂಲರ್ ಮಾಯ ಆಗುತ್ತಿಲ್ಲ. ಒಂದೇ ಒಂದು ಉಳಿಯಿತು: ರಾತ್ರಿ ಶಟ್‌ಡೌನ್ ಮಾಡಿದ ಮೇಲೂ ಕೂಲರಿನ ಲೈಟು ಉರಿಯುತ್ತಲೇ ಇರುತ್ತದೆ.

ಉತ್ತರ

ಅದು ಮೊದಲು ಹೇಳಿದ 5 ವೋಲ್ಟಿನದ್ದೇ ಕೆಲಸ. ಹಬ್ಬಿನ ಸಾಟಾ ವೈರ್ ಶಟ್‌ಡೌನ್ ಆದಾಗ ಸಾಯುತ್ತದೆ, ಬೋರ್ಡಿನ ಹೆಡರ್ ಸಾಯುವುದಿಲ್ಲ. ಬಯೋಸ್‌ನಲ್ಲಿ ಪವರ್ ವಿಭಾಗಕ್ಕೆ ಹೋಗಿ ಇಆರ್‌ಪಿ ಅಂತ ಇರುವುದನ್ನು (ಆಫ್ ಇದ್ದಾಗ ಕರೆಂಟ್ ಉಳಿಸುವ ಸೆಟ್ಟಿಂಗ್) ಎನೇಬಲ್ ಮಾಡಿ. ಲೈಟು ಆರುತ್ತದೆ. ಆಮೇಲೆ ಕೀಬೋರ್ಡ್ ಒತ್ತಿ ಕಂಪ್ಯೂಟರ್ ಆನ್ ಮಾಡುವುದು, ಆಫ್ ಇದ್ದಾಗ ಮೊಬೈಲ್ ಚಾರ್ಜ್ ಮಾಡುವುದು ಎರಡೂ ಆಗುವುದಿಲ್ಲ, ಅದಕ್ಕೆ ಮತ್ತೆ ಇಲ್ಲಿ ಕೇಳಬೇಡಿ!