ಸ್ಪಿಟ್‌ಫೈರ್‌ನ ಒಂದು ರೆಕ್ಕೆ ಕೆಳಗಿಳಿದಿದೆ, ಕಾಲುಗಳನ್ನು ಹೇಗೆ ಸರಿಪಡಿಸಲಿ?

ಸೂಜಿ ಮೆಕ್ಯಾನಿಕ್, ಬಳ್ಳಾರಿ:

ಜೀನ್ಸ್ ಹೊಲಿಯುವ ಘಟಕದಲ್ಲಿ ಯಂತ್ರ ರಿಪೇರಿ ಮಾಡುವುದು ನನ್ನ ಕಸುಬು. ಸೂಜಿಗೂ ಹುಕ್ಕಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು ಕೂರಿಸುವವನು ನಾನು. ಅಂಥವನಿಗೆ ಗೇಣುದ್ದವೂ ಇಲ್ಲದ ಮಾದರಿ ವಿಮಾನದ, ಚಕ್ರ ಹೊತ್ತ ಎರಡು ಕಾಲುಗಳನ್ನು ನೆಟ್ಟಗೆ ನಿಲ್ಲಿಸಲು ಆಗಿಲ್ಲ.

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ 1/72 ಅಳತೆಯ ಪ್ಲಾಸ್ಟಿಕ್ ಮಾದರಿ. ಮೂಲೆಮಟ್ಟವನ್ನು ರೆಕ್ಕೆಯ ತಳಕ್ಕೆ ಒತ್ತಿ ಹಿಡಿದು, ಎರಡೂ ಕಾಲುಗಳನ್ನು ಒಂದೇ ಕೋನಕ್ಕೆ ಅಂಟಿಸಿದೆ ಎಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಬಲರೆಕ್ಕೆ ಇಳಿದಿದೆ. ನೆಲದಿಂದ ರೆಕ್ಕೆಯ ಎರಡೂ ತುದಿಗಳ ಎತ್ತರ ಅಳೆದಾಗ ಆರು ಮಿಲಿಮೀಟರ್ ವ್ಯತ್ಯಾಸ! ಕಾಲುಗಳ ಉದ್ದ ಒಂದೇ ಇದೆ. ಮಗಳು ಅದಕ್ಕೆ ‘ಕುಂಟ ವಿಮಾನ’ ಎಂದು ಹೆಸರಿಟ್ಟಿದ್ದಾಳೆ. ಕಿತ್ತು ಮತ್ತೆ ಅಂಟಿಸಬಹುದೇ? ಬಳಸಿದ್ದು ತೆಳು ಪ್ಲಾಸ್ಟಿಕ್ ಅಂಟು. ಇಲ್ಲಿನ ಏಪ್ರಿಲ್ ಬಿಸಿಲಿಗೆ ಅದು ಕುಂಚದಲ್ಲೇ ಆರಿಹೋಗುತ್ತದೆ, ಕೋನ ತಿದ್ದಲು ಸಮಯವೇ ಸಿಗುವುದಿಲ್ಲ.

ನಿವೃತ್ತ ಡ್ರಾಯಿಂಗ್ ಮಾಸ್ತರ, ರಾಯಚೂರು:

ನಿಮ್ಮ ಕೈಯಲ್ಲಿ ತಪ್ಪಿಲ್ಲ, ಅಳತೆ ಹಿಡಿದ ಜಾಗದಲ್ಲಿ ತಪ್ಪಿದೆ. ಸ್ಪಿಟ್‌ಫೈರ್‌ನ ಕಾಲುಗಳು ದೇಹದ ಹತ್ತಿರ ಹುಟ್ಟಿ ಹೊರಕ್ಕೆ ಮಡಚಿಕೊಳ್ಳುತ್ತವೆ. ಹೀಗಾಗಿ ಚಕ್ರಗಳ ನಡುವಿನ ಅಂತರ ಬಹಳ ಕಡಿಮೆ. ನಿಜವಾದ ವಿಮಾನದಲ್ಲೇ ಸುಮಾರು 1.74 ಮೀಟರ್, ನಿಮ್ಮ ಮಾದರಿಯಲ್ಲಿ 24 ಮಿ.ಮೀ. ರೆಕ್ಕೆಯ ತುದಿಯಿಂದ ತುದಿಗೆ 11.23 ಮೀಟರ್, ಅಂದರೆ ನಿಮ್ಮಲ್ಲಿ 156 ಮಿ.ಮೀ. ಭಾಗಿಸಿ ನೋಡಿ, ಆರೂವರೆ ಪಟ್ಟು. ಒಂದು ಕಾಲು ತುಸು ಹೊರವಾಲಿ ಒಂದೇ ಒಂದು ಮಿ.ಮೀ. ಕುಸಿದರೆ ರೆಕ್ಕೆಯ ತುದಿಗಳಲ್ಲಿ ಅದು ಆರೂವರೆ ಮಿ.ಮೀ. ಆಗಿ ಕಾಣಿಸುತ್ತದೆ. ಅದೇ ಕಾಲದ ಇನ್ನೊಂದು ಬ್ರಿಟಿಷ್ ಯುದ್ಧವಿಮಾನ ಹರಿಕೇನ್‌ನ ಮಾದರಿ ಮಾಡುವವರಿಗೆ ಈ ಕಾಟ ಕಡಿಮೆ, ಅದರ ಕಾಲುಗಳು ದೂರದಲ್ಲಿ ಹುಟ್ಟಿ ಒಳಕ್ಕೆ ಮಡಚುತ್ತವೆ.

ಇನ್ನು ಮೂಲೆಮಟ್ಟ. ರೆಕ್ಕೆ ತುದಿಯ ಕಡೆಗೆ ಮೇಲೇರಿದೆ, ನಿಂತಾಗ ಬಾಲವೂ ಕೆಳಗೆ ಕೂರುತ್ತದೆ. ಎರಡು ದಿಕ್ಕಿನಲ್ಲಿ ಓರೆಯಾದ ತಳಕ್ಕೆ ಮೂಲೆಮಟ್ಟ ಒತ್ತಿದರೆ ಯಾವ ಕೋನ ಸಿಕ್ಕೀತು? ರೆಕ್ಕೆಯನ್ನು ಮರೆತು ನೆಲದಿಂದ ಅಳೆಯಿರಿ. ಕಿಟಕಿ ಗಾಜಿನ ತುಂಡೊಂದರ ಮೇಲೆ ಗ್ರಾಫ್ ಹಾಳೆ ಅಂಟಿಸಿ, ನಡುಗೆರೆ ಎಳೆದು, ಅದರ ಎರಡೂ ಬದಿಗೆ 12 ಮಿ.ಮೀ. ದೂರದಲ್ಲಿ ಗುರುತು ಹಾಕಿ. ಮೂಗು, ಬಾಲ ಎರಡೂ ಆ ಗೆರೆಯ ಮೇಲಿರಲಿ. ರೆಕ್ಕೆಯ ತುದಿಗಳ ಕೆಳಗೆ ಇಸ್ಪೀಟು ಎಲೆಗಳನ್ನು ಸಮಸಂಖ್ಯೆಯಲ್ಲಿ ಪೇರಿಸಿ. ಚಕ್ರಗಳು ಗುರುತಿಗೆ ಮುಟ್ಟಿದ ಮೇಲಷ್ಟೇ ಅಂಟು. ಎರಡು ಟ್ಯೂಬಿನ ಎಪಾಕ್ಸಿ ಬಳಸಿದರೆ ತಿದ್ದಲು ನಿಮಿಷಗಳಾದರೂ ಸಿಗುತ್ತವೆ.

ಗೊಂಬೆ ಮನೆ, ಕಿನ್ನಾಳ:

ನಾವು ಮರದ ಆನೆ, ಕುದುರೆ ಮಾಡುವವರು, ವಿಮಾನ ಗೊತ್ತಿಲ್ಲ. ಆದರೆ ಒಂದು ಮಾತು. ನಾಲ್ಕು ಕಾಲಿನ ಕುದುರೆಯಲ್ಲಿ ಒಂದು ಕಾಲು ಗಿಡ್ಡವಾದರೆ ಅದು ಹಲಗೆಯ ಮೇಲೆ ಟಕಟಕ ಅಲ್ಲಾಡಿ ತಾನೇ ಹೇಳುತ್ತದೆ. ನಿಮ್ಮದು ಎರಡು ಚಕ್ರ, ಒಂದು ಬಾಲ. ಮೂರು ಕಾಲಿನದು ಎಂದೂ ಅಲ್ಲಾಡುವುದಿಲ್ಲ, ವಾರೆಯಾಗಿಯೇ ಗಟ್ಟಿಯಾಗಿ ನಿಲ್ಲುತ್ತದೆ. ಆದ್ದರಿಂದ ಮುಟ್ಟಿ ಪರೀಕ್ಷಿಸಬೇಡಿ, ಕಣ್ಣನ್ನು ಗಾಜಿನ ಮಟ್ಟಕ್ಕೆ ಇಳಿಸಿ ಎದುರಿನಿಂದ ನೋಡಿ. ಎರಡು ಕಾಲುಗಳನ್ನೂ ಒಟ್ಟಿಗೆ ಅಂಟಿಸಬೇಡಿ. ನಾವು ಹುಣಸೆ ಬೀಜದ ಅಂಟು ಹಾಕಿದಾಗಲೂ ಒಂದು ಒಣಗುವವರೆಗೆ ಇನ್ನೊಂದಕ್ಕೆ ಕೈ ಹಾಕುವುದಿಲ್ಲ.

ಸೂಜಿ ಮೆಕ್ಯಾನಿಕ್, ಬಳ್ಳಾರಿ:

ಮಾಸ್ತರರೇ, ಆರೂವರೆ ಪಟ್ಟಿನ ಲೆಕ್ಕ ಓದಿ ಮೈ ಜುಮ್ಮೆಂದಿತು. ಬ್ರೂಸ್‌ಪೇಟೆಯ ಅಕ್ಕಸಾಲಿಗ ಗೆಳೆಯನಿಂದ ಗರಗಸದ ಎಳೆ ತಂದು ಬಲಗಾಲನ್ನು ಬುಡದಲ್ಲೇ ಕೊಯ್ದಿದ್ದೇನೆ. ಈಗ ಕೂಡುವ ಜಾಗ ಸಣ್ಣದು, ಬರೀ ಅಂಟು ತಡೆಯಲಾರದು. ಮುರಿದ ಸೂಜಿಯ ತುಂಡನ್ನು ಒಳಗೆ ಕೂರಿಸಿದರೆ? ಜೀನ್ಸ್‌ನ 110ನೇ ನಂಬರಿನ ಸೂಜಿ ನನ್ನಲ್ಲಿ ಡಬ್ಬಿಗಟ್ಟಲೆ ಇವೆ.

ನಿವೃತ್ತ ಡ್ರಾಯಿಂಗ್ ಮಾಸ್ತರ, ರಾಯಚೂರು:

110 ಎಂದರೆ 1.1 ಮಿ.ಮೀ. ದಪ್ಪವಲ್ಲವೇ? ಅದಕ್ಕೆ ರಂಧ್ರ ಕೊರೆದರೆ ಕಾಲೇ ಸೀಳುತ್ತದೆ. ಅರ್ಧ ಮಿ.ಮೀ. ಹಿತ್ತಾಳೆ ತಂತಿ ಸಾಕು. ಅದು ಬಾಗುತ್ತದೆ, ಕೊನೆಗಳಿಗೆಯಲ್ಲಿ ಕೋನ ತಿದ್ದಬಹುದು. ಸೂಜಿಯ ಉಕ್ಕು ಬಾಗದೆ ಸಿಡಿದು ಕಣ್ಣಿಗೆ ಬಿದ್ದೀತು.

ಥರ್ಮಲ್ ಕಾಲೊನಿ, ಶಕ್ತಿನಗರ:

ನಡುವೆ ಬಾಯಿ ಹಾಕುತ್ತಿದ್ದೇನೆ. ಕಿಟ್‌ನ ಟೈರು ಮೆತ್ತನೆಯ ವಿನೈಲ್‌ನದಾಗಿದ್ದರೆ ಹುಷಾರು. ಅದರೊಳಗಿನ ಮೆದುಕಾರಕ ಪ್ಲಾಸ್ಟಿಕ್ ಚಕ್ರವನ್ನು ನಿಧಾನವಾಗಿ ಕರಗಿಸುತ್ತದೆ, ನಮ್ಮ ಸೆಖೆಯಲ್ಲಿ ಇನ್ನೂ ಬೇಗ. ಕಪಾಟಿನಲ್ಲಿಟ್ಟಿದ್ದ ನನ್ನ ಹಳೆಯ ಜೆಟ್ ವಿಮಾನದ ಮಾದರಿಯ ಮೂರೂ ಚಕ್ರಗಳು ಬೆಲ್ಲದಂತಾಗಿದ್ದವು.

ಸೂಜಿ ಮೆಕ್ಯಾನಿಕ್, ಬಳ್ಳಾರಿ:

ನನ್ನದರಲ್ಲಿ ಟೈರೂ ಗಟ್ಟಿ ಪ್ಲಾಸ್ಟಿಕ್, ಬಚಾವಾದೆ. ಹಿತ್ತಾಳೆ ತಂತಿ, ಎಪಾಕ್ಸಿ, ಎರಡೂ ಕಡೆ ಸಮನಾಗಿ ಇಸ್ಪೀಟು ಎಲೆ, ರಾತ್ರಿಯಿಡೀ ಗಾಜಿನ ಮೇಲೆ. ಈಗ ತುದಿಗಳ ವ್ಯತ್ಯಾಸ ಅರ್ಧ ಮಿ.ಮೀ.ಗಿಂತ ಕಡಿಮೆ. ಭಾರಕ್ಕೆ ಟೈರು ಚಪ್ಪಟೆಯಾದಂತೆ ಕಾಣಲಿ ಎಂದು ತಳವನ್ನು ಉಜ್ಜುಕಾಗದದಲ್ಲಿ ನಾಲ್ಕೆಳೆ ಉಜ್ಜಿದ್ದೆ. ಎಡಚಕ್ರ ಕೂರಿಸುವಾಗ ಆ ಚಪ್ಪಟೆ ಭಾಗ ಮುಂದಕ್ಕೆ ತಿರುಗಿ ಹಾಗೆಯೇ ಅಂಟಿಕೊಂಡಿದೆ. ಮಗಳು ಇನ್ನೂ ನೋಡಿಲ್ಲ. ಗರಗಸದ ಎಳೆಯನ್ನು ಅಕ್ಕಸಾಲಿಗನಿಗೆ ಹಿಂದಿರುಗಿಸಿಲ್ಲ.